ನಿನ್ನ ಪಾಠವನ್ನು ನಾನು ಮೊದಲೇ ಮಾಡಿದ್ದೆ

ನಾಗೂ, ಅವತ್ತು ನಿನ್ನ ಪರೀಕ್ಷೆಯ ಪಾಠ ಕೆಡಿಸಿದವಳು ನಾನು. ಬೇಕೆಂದೇ ಕೆಡಿಸಿದೆ. ಮಕ್ಕಳೂ ಅಲ್ಲ, ನಿನ್ನ ಗ್ರಹಚಾರವೂ ಅಲ್ಲ — ನಾನು.

ತುಮಕೂರಿನಲ್ಲಿ ಬಿ.ಎಡ್. ಓದುತ್ತಿದ್ದ ಆ ವರ್ಷ ಹಾಸ್ಟೆಲಿನಲ್ಲಿ ನಮ್ಮಿಬ್ಬರದೂ ಒಂದೇ ರೂಮು. ಗುಬ್ಬಿಯಿಂದ ಬಂದ ನಿನಗೆ ಸಿಕ್ಕಿದವರೆಲ್ಲ ಸ್ನೇಹಿತರು. ಕುಣಿಗಲ್ಲಿನಿಂದ ಬಂದ ನನಗೆ ನೀನೊಬ್ಬಳೇ. ನಿನಗೆ ಅದು ಗೊತ್ತಿತ್ತೋ ಇಲ್ಲವೋ — ನಾನು ಬಾಯಿ ಬಿಟ್ಟು ಹೇಳುವವಳಲ್ಲ. ಮೇಷ್ಟ್ರು ನನ್ನ ಪಾಠ ನೋಡಿ ಮುಗಿಸಿ, “ನಾಗರತ್ನನ್ನ ನೋಡಿ ಕಲ್ತ್ಕೊಳಮ್ಮ” ಅನ್ನುತ್ತಿದ್ದರು. ಪ್ರತಿ ಸಲವೂ! ನನಗೆ ಮೈಯೆಲ್ಲ ಉರಿಯುತ್ತಿತ್ತು. ನೀನು ಮಾತ್ರ ಏನೂ ಆಗದವಳಂತೆ ಕೂತು ನನ್ನ ಚಾರ್ಟಿಗೆ ಬಣ್ಣ ತುಂಬಿಕೊಡುತ್ತಿದ್ದೆ.

ಕೊನೆಯ ಬೋಧನಾ ಪರೀಕ್ಷೆಗೆ ನಿನಗೆ ಬಂದದ್ದು ಎಂಟನೇ ಕ್ಲಾಸು, ಗಾಳಿಯ ಒತ್ತಡ. ಪಾಠ ಹೇಗೆ ಶುರುವಾಗಬೇಕೆಂದು ನಮಗೆಲ್ಲ ಬಾಯಿಪಾಠ. ಮಕ್ಕಳಿಗೆ ಗೊತ್ತಿರುವುದನ್ನೇ ಕೇಳುತ್ತಾ ಹೋಗಬೇಕು, ಕೊನೆಯ ಪ್ರಶ್ನೆಗೆ ಅವರು ಉತ್ತರ ತೋಚದೆ ಸುಮ್ಮನಾಗಬೇಕು, ಆಗ ಹೊಸ ಪಾಠದ ಹೆಸರನ್ನು ಬೋರ್ಡಿನ ಮೇಲೆ ಬರೆಯಬೇಕು. ನೀರು ತುಂಬಿದ ಲೋಟಕ್ಕೆ ರಟ್ಟು ಮುಚ್ಚಿ, ತಲೆಕೆಳಗು ಹಿಡಿದು, “ನೀರು ಯಾಕೆ ಬೀಳಲಿಲ್ಲ?” ಎಂದು ಕೇಳುವುದು ನಿನ್ನ ಕೊನೆಯ ಪ್ರಶ್ನೆ. ನೀನು ವಾರವೆಲ್ಲ ರೂಮಿನಲ್ಲಿ ಅಭ್ಯಾಸ ಮಾಡಿದ್ದೆ; ನನ್ನ ಹಾಸಿಗೆ ಎರಡು ಸಲ ನೆನೆದಿತ್ತು.

ನಾವು ಅಭ್ಯಾಸ ಪಾಠಕ್ಕೆ ಹೋಗುತ್ತಿದ್ದ ಶಾಲೆಯಲ್ಲಿ ಹಿಂದಿನ ದಿನ ಆ ಕ್ಲಾಸಿನ ಟೀಚರ್ ರಜೆ. ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಳ್ಳಲು ಹೆಡ್‌ಮಾಸ್ಟರು ನನ್ನನ್ನು ಕಳಿಸಿದರು. ಕತೆ ಹೇಳಬಹುದಿತ್ತು, ಅಂತ್ಯಾಕ್ಷರಿ ಆಡಿಸಬಹುದಿತ್ತು. ನಾನು ಒಂದು ಲೋಟ ನೀರು ತರಿಸಿದೆ.

ಮಾರನೆಯ ದಿನ ನೀನು ಲೋಟ ಕೈಗೆತ್ತಿಕೊಂಡೆ ಅಷ್ಟೇ — ತಲೆಕೆಳಗು ಕೂಡ ಮಾಡಿರಲಿಲ್ಲ — ಇಡೀ ಕ್ಲಾಸು “ಗಾಳಿ ಒತ್ತಡ ಮಿಸ್! ನೀರ್ ಬೀಳಲ್ಲ ಮಿಸ್!” ಎಂದು ಕೂಗಿತು. ಪಾಪ, ಮಕ್ಕಳಿಗೆ ಎಷ್ಟು ಸಂತೋಷ! ಇದು ನಿಮಗೆ ಹೇಗೆ ಗೊತ್ತು ಎಂದು ಪರೀಕ್ಷಕರು ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದರು. “ನೆನ್ನೇನೇ ಮಾಡುದ್ವಿ ಸಾ” ಅಂದಳು. ಯಾರು ಮಾಡಿಸಿದರು ಎಂದು ಅವರು ಕೇಳಲೇ ಇಲ್ಲ; ಗಾಬರಿಯಲ್ಲಿ ನಿನಗೂ ಕೇಳಲು ತೋಚಲಿಲ್ಲ. “ಏನಮ್ಮಾ, ಎಲ್ಲಾ ಮೊದಲೇ ಬಾಯಿಪಾಠ ಮಾಡಿಸಿಟ್ಟಿದ್ದೀರಲ್ಲ” ಎಂದು ನಿನಗೆ ಹೇಳಿ ಅಂಕದ ಪುಸ್ತಕ ಮುಚ್ಚಿದರು. ನಾನು ಕೊನೆಯ ಬೆಂಚಿನಲ್ಲೇ ಇದ್ದೆ. ಎದ್ದು ನಿಲ್ಲಲು ಎಷ್ಟು ಹೊತ್ತು ಬೇಕಿತ್ತು... ಏಳಲಿಲ್ಲ.

ಸಂಜೆ ನೀನು ಅತ್ತು ಅತ್ತು ಮುಖ ಊದಿಸಿಕೊಂಡು ಕೇಳಿದೆ: “ನಾನ್ ಹಂಗ್ ಮಾಡೋವ್ಳಲ್ಲ ಕಣೇ. ನೀನಾದ್ರೂ ನನ್ನ ನಂಬ್ತೀಯಾ?”

“ನಂಬ್ತೀನಿ ಕಣೇ, ಅಳಬೇಡ ಬುಡು” ಅಂದೆ. ಪಾಠ ಕೆಡಿಸಿದ್ದಕ್ಕಿಂತ ಆ ಮಾತು ನೆನೆದರೇ ನನಗೆ ನನ್ನ ಮೇಲೆ ಹೇಸಿಗೆ.

ಅಂಕ ನೋಡಿ ಸರ್ಕಾರಿ ನೌಕರಿ ಕೊಡುತ್ತಿದ್ದ ಕಾಲ. ನನಗೆ ಸಿಕ್ಕಿತು — ಮಾರ್ಕೋನಹಳ್ಳಿ ಹತ್ತಿರದ ಶಾಲೆ. ನಿನಗೆ ಸಿಗಲಿಲ್ಲ. ನಿನ್ನ ಕಾಗದಗಳಿಗೆ ನಾನು ಉತ್ತರ ಬರೆಯಲಿಲ್ಲ. ಮೊದಲು ಹೆದರಿಕೆ, ಆಮೇಲೆ ಅದೇ ರೂಢಿ. ಈ ಹದಿಮೂರು ವರ್ಷದಲ್ಲಿ ಯಾರಿಗೂ ಹತ್ತಿರವಾಗುವ ಧೈರ್ಯ ಬರಲಿಲ್ಲ. ಊಟದ ಬೆಲ್ಲು ಹೊಡೆದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಡಬ್ಬಿ ಹಂಚಿಕೊಂಡು ತಿನ್ನುತ್ತಾರೆ, ನಾನು ಲ್ಯಾಬಿನಲ್ಲಿ ಒಬ್ಬಳೇ. ಭಾನುವಾರಗಳಂತೂ — ಹಾಲಿನವನ ಜೊತೆ ಆಡಿದ್ದೇ ಆ ದಿನದ ಮಾತು.

ಹೋದ ತಿಂಗಳು ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ನೀನೇ ನನ್ನ ಗುರುತು ಹಿಡಿದೆ. ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಅಂದೆ ನೀನು, ನಗುತ್ತಲೇ. ಪಕ್ಕದಲ್ಲಿ ನಿನ್ನ ಮಗಳಿದ್ದಳು. ಅವಳಿಗೆ ನನ್ನನ್ನು ತೋರಿಸಿ, “ಎಲ್ರೂ ನನ್ನ ಮೋಸಗಾತಿ ಅಂದಾಗ ಇವ್ಳೊಬ್ಳೇ ಕಣೇ ನನ್ನ ನಂಬಿದ್ದು. ಕಾಲಿಗ್ ಬೀಳು” ಅಂದೆ. ಆ ಹುಡುಗಿ ಬಗ್ಗಿದಳು. ನಾನು ತಡೆಯಲಿಲ್ಲ ನಾಗೂ — ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನೀವಿಬ್ಬರೂ ಮನೆಯಲ್ಲಿರುವ ಹೊತ್ತು ನೋಡಿಕೊಂಡು ನಾನೇ ತರುತ್ತೇನೆ. ನಿನ್ನ ಮಗಳ ಎದುರಿಗೇ ಓದುತ್ತೇನೆ.