ಮೈಲುತುತ್ತದ ಗದ್ದೆಯಲ್ಲಿ ಸಾಸಿವೆ

ಹೊಸನಗರದ ಕಡೆಯ ಗದ್ದೆಬಯಲು. ಇಬ್ಬನಿ ಇನ್ನೂ ಆರಿಲ್ಲ. ಕೆರಿಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸಾಸಿವೆ ಗಿಡಗಳನ್ನು ಬೇರುಸಮೇತ ಕೀಳುತ್ತಿದ್ದಾರೆ. ಬುಡ ಕೊಡವಿ, ಮಣ್ಣುದುರಿಸಿ, ಚೀಲಕ್ಕೆ ತುಂಬುತ್ತಾರೆ. ಅಂಚಿನ ಮೇಲೆ ನಿಂತ ನೆರೆಮನೆಯ ಗುತ್ಯಮ್ಮನಿಗೆ ತಡೆಯಲಾಗುವುದಿಲ್ಲ.

“ಇಷ್ಟ್ ಎಳೇ ಸೊಪ್ಪು! ಪಲ್ಯಕ್ಕೆ ಒಂದ್ ಹಿಡಿ ಕೊಡೇ ಮಾರಾಯ್ತಿ.”

“ಇದು ತಿನ್ನೋದಲ್ಲ ಅಕ್ಕಾ.”

“ಹೌದೌದು, ನೋಡೋಕ್ ಬೆಳ್ದಿದ್ದು! ಗಂಡಂಗಾದ್ರೂ ಕೊಡ್ತೀಯೋ, ಅವಂಗೂ ಇಲ್ವೋ?”

ಕೆರಿಯಮ್ಮ ನಗುತ್ತಾರೆ, ಕೊಡುವುದಿಲ್ಲ. ಕೇಳಿದವರಿಗೆ ಸೊಪ್ಪಿಲ್ಲ ಅನ್ನುವುದು ಈ ಊರಲ್ಲಿ ಸಣ್ಣ ಮಾತಲ್ಲ.

ಗದ್ದೆಯ ಮೇಲ್ಗಡೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ಊರವರೆಲ್ಲ ಮೈಲುತುತ್ತ, ಸುಣ್ಣ ಕಲಸುತ್ತಿದ್ದ ಜಾಗವಿದೆ. ಡ್ರಮ್ಮು ತೊಳೆದ ನೀರು ಒಂದು ತಲೆಮಾರಿನಷ್ಟು ಕಾಲ ಇಳಿದದ್ದು ಇಲ್ಲಿಗೇ. ಮೈಲುತುತ್ತದ ತಾಮ್ರ ಮಣ್ಣಲ್ಲೇ ಉಳಿಯಿತು. ಭತ್ತದ ಸಸಿ ಬೇರು ಬಿಡದೆ ಹಳದಿಯಾಯಿತು. ಅತ್ತೆ ಗೇಣಿಗೆ ಗೆಯ್ದು, ಆಮೇಲೆ ಸ್ವಂತದ್ದಾದ ಗದ್ದೆ. ಮಣ್ಣು ತುಂಬಿಸಿ ಶೆಡ್ಡು ಕಟ್ಟುವುದೆಂದು ಗಂಡ ಮಂಜುನಾಥಪ್ಪ ನಿಶ್ಚಯಿಸಿದ್ದರು. ಆಗ ಮಣ್ಣು ನೋಡಲು ಬಂದವರು ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಸುಚಿತ್ರಾ. ಸಾಸಿವೆ ಬೇರಿನಿಂದ ತಾಮ್ರ ಎಳೆದುಕೊಳ್ಳುತ್ತದೆ, ಬೆಳೆದದ್ದನ್ನು ಕಿತ್ತು ಹೊರಗೆ ಸಾಗಿಸುತ್ತಿದ್ದರೆ ಮಣ್ಣು ನಿಧಾನಕ್ಕೆ ಸುಧಾರಿಸೀತು ಎಂದರು.

“ಗಿಡ ಮಣ್ಣು ತೊಳೀತದಾ? ನೋಡೇಬಿಡಾಣ ಅನ್ನಿಸ್ತು,” ಎನ್ನುತ್ತಾರೆ ಕೆರಿಯಮ್ಮ. ಗಂಡನಿಂದ ಎರಡು ವರ್ಷದ ಗಡುವು ಕೇಳಿ ಪಡೆದರು.

ಮೊದಲ ವರ್ಷವೇ ಎಡವಟ್ಟು. ಕಿತ್ತ ಗಿಡಗಳನ್ನು ಅಂಗಳದಲ್ಲಿ ಒಣಹಾಕಿದ್ದರು. ಸೊಪ್ಪು, ಒಣ ದರಗೆಲೆ ಏನು ಕಂಡರೂ ಕೊಟ್ಟಿಗೆಗೆ ಹಾಸುವುದು ಇಲ್ಲಿಯವರ ಕೈಗೆ ಬಂದುಬಿಟ್ಟ ಕೆಲಸ. ಮಂಜುನಾಥಪ್ಪ ಇದನ್ನೂ ಹಾಸಿದರು. ಬೇಸಿಗೆಯಲ್ಲಿ ಅದು ಗೊಬ್ಬರವಾಗಿ ಇದೇ ಗದ್ದೆಗೆ ಬಿತ್ತು. “ತೆಗೆದಿದ್ದನ್ನೇ ಬುಟ್ಟೀಲಿ ಹೊತ್ತು ವಾಪಸ್ ಸುರಿದ್ವಿ. ಹೊತ್ತಿದ್ದೂ ನಾನೇ!” ಎನ್ನುತ್ತಾರೆ ಕೆರಿಯಮ್ಮ. ಆ ವರ್ಷ ತಾಮ್ರ ಒಂಚೂರೂ ಇಳಿಯಲಿಲ್ಲ.

ಈಗ ದನಕ್ಕೂ ಇಲ್ಲ, ಒಲೆಗೂ ಇಲ್ಲ. ಚೀಲಗಳು ನೇರ ಕಾಲೇಜಿನ ಜೀಪು ಹತ್ತುತ್ತವೆ. ಅಲ್ಲಿ ಗಿಡ ಸುಟ್ಟು, ಬೂದಿಯನ್ನು ಮುಚ್ಚಿದ ಡಬ್ಬಿಗಳಲ್ಲಿ ಇಡುತ್ತಾರೆ.

ಬಿಸಿಲೇರುವ ಹೊತ್ತಿಗೆ ಜೀಪು ಬರುತ್ತದೆ. ಇದೇ ವರ್ಷದ ಮೊದಲ ಬೆಳೆ ಕಿತ್ತ ಮೇಲೆ ಒಯ್ದಿದ್ದ ಮಣ್ಣಿನ ಪರೀಕ್ಷೆ ಮುಗಿದಿದೆ. ಗಡುವಿನ ಕೊನೆಯ ವರ್ಷ, ಮಂಜುನಾಥಪ್ಪನೂ ಬಂದು ನಿಂತಿದ್ದಾರೆ.

“ಇಳಿದಿದೆ ಕೆರಿಯಮ್ಮ,” ಎನ್ನುತ್ತಾರೆ ಸುಚಿತ್ರಾ. “ಸ್ವಲ್ಪವೇ. ಭತ್ತ ಬೆಳೆಯೋಕೆ ಇನ್ನೂ ಐದಾರು ವರ್ಷ ಬೇಕಾಗಬಹುದು.”

“ಐದಾರು ವರ್ಷ! ಅಷ್ಟೊತ್ತಿಗೆ ಶೆಡ್ಡೇ ಹಳೇದಾಗಿರ್ತಿತ್ತು,” ಮಂಜುನಾಥಪ್ಪ ಗೊಣಗುತ್ತಾರೆ.

“ಕೆಡೋಕೆ ಎಷ್ಟ್ ವರ್ಷ ಹಿಡೀತು?” ಕೆರಿಯಮ್ಮ ಕೇಳುತ್ತಾರೆ.

ಮಂಜುನಾಥಪ್ಪ ಬಗ್ಗಿ ಒಂದು ಚೀಲವನ್ನು ಹೆಗಲಿಗೇರಿಸಿ ಜೀಪಿನತ್ತ ನಡೆಯುತ್ತಾರೆ.

ಸುಚಿತ್ರಾ ಕಾಲೇಜಿನ ಬೋರ್ಡು ತಂದಿದ್ದಾರೆ, ಕೆರಿಯಮ್ಮನ ಹೆಸರೂ ಅದರಲ್ಲಿದೆ. ಎದ್ದು ಕಾಣಲಿ ಎಂದು ಗದ್ದೆಯ ನಡುವೆ ನಿಲ್ಲಿಸಲು ಹೊರಡುತ್ತಾರೆ. ಕೆರಿಯಮ್ಮ ತಡೆಯುತ್ತಾರೆ.

“ಅಂಚಿನ್ ಮೇಲೆ ನಿಲ್ಸಿ ಸುಚಿತ್ರಮ್ಮಾ. ಅಲ್ಲಿ ಬೇಡ, ಭತ್ತ ನಟ್ಟಿ ಮಾಡೋವಾಗ ಅಡ್ಡ ಬರ್ತದೆ.”