ಗೇಣಿಗೊಂದು ಹರದಾರಿ

ನಮ್ಮಪ್ಪ ಹಾಸಿಗೆ ಬಿಟ್ಟು ಏಳದಿದ್ದದ್ದಕ್ಕೆ ಕಾಲು ಕಾರಣವಲ್ಲ, ಮಾನ ಕಾರಣ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ, ಊರಲ್ಲಿ ನನ್ನನ್ನು ಗಟ್ಟಿ ಬಾಯಿಯವಳು ಅನ್ನುತ್ತಿದ್ದರೂ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅದು. ದೊಡ್ಡಬೆಳವಂಗಲದ ಹತ್ತಿರದ ತವರಿಗೆ ನಾನು ಬಾಣಂತನಕ್ಕೆ ಬಂದಿದ್ದೆ. ನಾನು ಬರುವ ಮೊದಲೇ ದೊಡ್ಡಬಳ್ಳಾಪುರದ ದಾರಿಯ ಇಳಿಜಾರಿನಲ್ಲಿ ಗಾಡಿ ಮಗುಚಿ, ಅಪ್ಪನ ತೊಡೆಯ ಮೇಲೆ ಚಕ್ರ ಹರಿದಿತ್ತು. ಕುಂದಾಣದ ಕಡೆಯ ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿ, ಮೂರು ತಿಂಗಳಾದ ಮೇಲೆ ಬಿಚ್ಚಿ, ಮೊಣಕಾಲು ಮಡಿಸಿ ನೋಡಿ ಹೇಳಿದ: "ಮೂಳೆ ಕೂಡ್ಕಂಡೈತೆ ಯಜಮಾನ್ರೇ. ಇನ್ನು ಎದ್ದು ಓಡಾಡ್ಬೇಕು. ಸುಗ್ಗಿ ಹೊತ್ಗೆ ಏಳ್ದಿದ್ರೆ ನರ ಎಳ್ಕಂಡ್ಬಿಡುತ್ತೆ. ಆಮೇಲೆ ದೇವರು ಬಂದ್ರೂ ಎಬ್ಬಿಸಕ್ಕಾಗಲ್ಲ."

ಅಪ್ಪ ಏಳಲಿಲ್ಲ. ನೆಲಮಂಗಲ, ದೇವನಹಳ್ಳಿ, ಹೊಸಕೋಟೆ ಎಂದು ಎಲ್ಲ ಸಂತೆಗೂ ಗಾಡಿ ಹೊಡೆದ ಮನುಷ್ಯ. ಕಡಿದಾದ ಏರು ಬಂದರೆ ಹತ್ತು ಗಾಡಿಯವರು ನಿಂತು, ಮೊದಲು ಅಪ್ಪನ ಜೋಡಿ ಹತ್ತಲಿ ಎಂದು ಕಾಯುತ್ತಿದ್ದರಂತೆ. ಅಂಥವನು ಕೋಲೂರಿಕೊಂಡು ಬೀದಿಯವರ ಕಣ್ಣಿಗೆ ಬೀಳುವುದೇ? ಕಿಟಕಿಯಿಲ್ಲದ ಕೋಣೆಯಲ್ಲಿ ಹಾಸಿಗೆ ಹಾಕಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ. ಸುಗ್ಗಿಗೆ ಇನ್ನು ಒಂದು ತಿಂಗಳೂ ಉಳಿದಿರಲಿಲ್ಲ. ಅಮ್ಮ ದಿನಾ ಅಳುವುದನ್ನು ನೋಡಿ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು.

ಆಗ ಅಣ್ಣ ಬಂದ. ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದವನು, ಯುದ್ಧ ನಿಂತ ಮೇಲೂ ಜಾವಾ ಎಂಬ ದ್ವೀಪದಲ್ಲಿ ಕೆಲವು ತಿಂಗಳಿದ್ದು ಬಿಡುಗಡೆಯಾಗಿ ಬಂದಿದ್ದ. ಹೋಗುವಾಗ ಹರಟೆಮಲ್ಲ, ಬರುವಾಗ ಮೂಗ. ಯುದ್ಧ ಹೇಗಿತ್ತು ಎಂದು ಕೇಳಿದವರಿಗೆ "ಇತ್ತು" ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದ. ಅಪ್ಪ ಮಾತ್ರ ಯುದ್ಧದ ಸುದ್ದಿಯನ್ನೇ ಎತ್ತಲಿಲ್ಲ. ಒಂದು ಮಧ್ಯಾಹ್ನ ಗೋಡೆಯ ಕಡೆ ತಿರುಗಿಕೊಂಡೇ ಕೇಳಿದ: "ಅಲ್ಲಿ ರಸ್ತೆ ಹೆಂಗಿತ್ಲಾ?"

ಅಣ್ಣ ಶುರುಮಾಡಿದ. ಸಮುದ್ರದ ರೇವಿನಿಂದ ಹೊರಟ ರಸ್ತೆ, ಎರಡೂ ಕಡೆ ತೆಂಗು, ಆಮೇಲೆ ಭತ್ತದ ಗದ್ದೆ. ಗದ್ದೆ ನೆಲದ ಮೇಲಷ್ಟೇ ಅಲ್ಲ, ಗುಡ್ಡದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಮೋಡದ ತನಕ. ಅದರಾಚೆ ಬೆಂಕಿ ಬೆಟ್ಟ.

"ಶಿವಗಂಗೆಗಿಂತ ದೊಡ್ಡದಾ?" ಎಂದ ಅಪ್ಪ.

"ಆರೇಳು ಶಿವಗಂಗೆ ಒಂದರ ಮೇಲೊಂದು ಇಟ್ಟಂಗೆ. ತುದೀಲಿ ಗುಡಿ ಇಲ್ಲ, ಗುಂಡಿ ಐತೆ. ಗುಂಡಿಯಿಂದ ಹಗಲೂ ರಾತ್ರಿ ಹೊಗೆ. ಬುಡದಲ್ಲಿ ನೀರು ತಾನೇ ಕುದೀತದೆ. ಬರಿಗಾಲಲ್ಲಿ ನಿಂತ್ರೆ ನೆಲ ಬೆಚ್ಚಗಿರುತ್ತೆ, ಆಗತಾನೆ ಒಲೆ ಆರಿಸಿದಂಗೆ."

ಅಪ್ಪ ಈ ಕಡೆ ತಿರುಗಿದ. ಮೂಲೆಯಲ್ಲಿ ಕೂತು ಮಗುವಿಗೆ ಹಾಲೂಡಿಸುತ್ತಿದ್ದ ನಾನು ಹತ್ತಿರ ಸರಿದೆ.

ಅಂದಿನಿಂದ ಆ ಬೆಟ್ಟಕ್ಕೆ ಗಾಡಿ ಹೂಡುವ ಯೋಜನೆ ನಡೆಯಿತು. ಸಮುದ್ರ ದಾಟುವುದು ಹೇಗೆ ಎಂಬ ಅಲ್ಪ ವಿಷಯವನ್ನು ಅಪ್ಪ ಕೇಳಲೇ ಇಲ್ಲ. ರೇವಿನಿಂದ ಮುಂದಕ್ಕೆ ಮಾತ್ರ ಅವನಿಗೆ ಸಂಬಂಧ. ಎತ್ತಿಗೆ ನೀರೆಲ್ಲಿ, ನೊಗ ಇಳಿಸಿ ಕೊಳ್ಳು ಬಿಡಲು ನೆರಳೆಲ್ಲಿ, ಏರು ಎಷ್ಟು, ಇಳಿಜಾರಿನಲ್ಲಿ ಚಕ್ರಕ್ಕೆ ಒತ್ತುಗಲ್ಲು ಸಿಗುತ್ತದೋ ಇಲ್ಲವೋ. ಅಮ್ಮ ಬಾಗಿಲಲ್ಲಿ ನಿಂತು, "ಬೆಟ್ಟ ಯಾವ ಕೈಗೆ ಬರುತ್ತೆ?" ಎಂದಳು. ಬಲಗಡೆಗೆ ಎಂದ ಅಣ್ಣ. "ಸದ್ಯ, ಪ್ರದಕ್ಷಿಣೆ ಆಯ್ತದೆ," ಎಂದು ಸಮಾಧಾನ ಮಾಡಿಕೊಂಡಳು.

ದಾರಿ ಹೇಳುತ್ತಾ ಅಣ್ಣ ಒಂದು ಕಡೆ, "ಇಲ್ಲಿ ಗಾಡಿ ನಿಲ್ಲಿಸ್ಬೇಕು," ಎಂದ.

"ನೀರೈತಾ?"

"ಇಲ್ಲ. ನೋಡಕ್ಕೆ."

ಅಪ್ಪನಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ನಲವತ್ತು ವರ್ಷ ಗಾಡಿ ಹೊಡೆದವನು ಸುಮ್ಮನೆ ನೋಡುವುದಕ್ಕೆಂದು ಒಂದು ಸಲವೂ ಎತ್ತು ನಿಲ್ಲಿಸಿದವನಲ್ಲ. ಕೊನೆಗೆ, "ಆಗ್ಲಿ, ನಿಲ್ಸಣ," ಎಂದ.

ದಾರಿಯನ್ನು ನೆಲದ ಮೇಲೆ ಬರೆಯುವ ಕೆಲಸ ನನ್ನದು, ರಂಗೋಲಿ ಹಿಟ್ಟಿನಲ್ಲಿ. ಅಳತೆ ಅಪ್ಪನದು. ಒಂದು ಗೇಣಿಗೆ ಒಂದು ಹರದಾರಿ, ಅಂದರೆ ಮೂರು ಮೈಲಿ. ಅಪ್ಪನ ಕಾಲುದೆಸೆಯಲ್ಲಿ ರೇವು. ಅಲ್ಲಿಂದ ಹೊರಟು ತೆಂಗು ಕಳೆದು, ಗದ್ದೆ ಕಳೆದು, ಹದಿನಾಲ್ಕನೆಯ ಗೇಣಿಗೆ ಗೋಡೆ ಬಂತು. ಅಣ್ಣ ಹಿಂದೆ ಸರಿದು ಹೇಳಿದ: "ಬೆಟ್ಟ ಕಣ್ಣಿಗೆ ಬೀಳೋದೇ ಇನ್ನು ಮುಂದೆ."

ಅಪ್ಪನಿಗೆ ಕೆಂಡದಂಥ ಕೋಪ. ಗೋಡೆ ಕಟ್ಟಿಸಿದ ತನ್ನ ತಾತನನ್ನೇ ಬೈದ. "ಬೆರಳಿಗೊಂದು ಹರದಾರಿ ಮಾಡ್ಕಳಿ, ಒಳಗೇ ಹಿಡೀತದೆ," ಎಂದಳು ಅಮ್ಮ.

"ಬೆರಳಗಲದಲ್ಲಿ ಗಾಡಿ ಎಲ್ಲಿ ತಿರುಗಿಸ್ತೀಯೇ? ಅಳತೆ ಅಂದ್ರೆ ಅಳತೆ."

ಅಣ್ಣ ನೆಲ ನೋಡುತ್ತಾ ಹೇಳಿದ: "ಕಣ ಸಾರಿಸಿ ಒಣಗೈತೆ. ನಾಳಿದ್ದಿನ ತನಕ ಒಕ್ಕಣೆಗೆ ಮೆದೆ ಕೀಳಲ್ಲ. ಅಲ್ಲಾದ್ರೆ ಬರೀಬೋದು."

ಅಪ್ಪ ಮತ್ತೆ ಗೋಡೆಯ ಕಡೆ ತಿರುಗಿಕೊಂಡ. ಕೆಲಸ ಕೆಟ್ಟಿತು ಅಂದುಕೊಂಡೆ.

ಆದರೂ ಮರುದಿನ ಬೆಳಗ್ಗೆ ಅಣ್ಣನೂ ನಾನೂ ಮನೆಯೆದುರಿನ ಕಣದಲ್ಲಿ ಇಡೀ ದಾರಿ ಬರೆದೆವು. ಕೆಮ್ಮಣ್ಣು ಕಲಸಿ ಸೊಂಟದೆತ್ತರ ಬೆಟ್ಟ ಮಾಡಿದೆ. ಅಣ್ಣ ಹೇಳಿದಂತೆ ತುದಿಯಲ್ಲಿ ಗುಂಡಿ, ಗುಂಡಿಯ ಸುತ್ತ ಗಂಧಕದ ಬಣ್ಣಕ್ಕೆ ಅರಿಶಿನ, ಇಳಿಜಾರಿಗೆ ಬೂದಿ, ಕರಗಿ ಹರಿದು ಹೆಪ್ಪುಗಟ್ಟಿದ ಕಲ್ಲಿಗೆ ಇದ್ದಿಲ ಪುಡಿ. ಗುಂಡಿಯೊಳಗೆ ಕೆಂಡ ಇಟ್ಟು ಹಸಿ ಸಗಣಿ ಮುಚ್ಚಿದಾಗ ಹೊಗೆ ನೆಟ್ಟಗೆ ಎದ್ದಿತು. ನಾನೇ ಕೈಯಾರೆ ಮಾಡಿದ್ದು, ಆದರೂ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದುಬಿಟ್ಟೆ. ಭೂಮಿ ತನ್ನ ಹೊಟ್ಟೆಯೊಳಗೆ ಇಂಥದ್ದನ್ನು ಇಟ್ಟುಕೊಂಡು ನಮ್ಮನ್ನೆಲ್ಲ ಮೇಲೆ ಉಳಲು ಬಿಟ್ಟಿದೆಯಲ್ಲ ಎಂದು ಮೈ ಜುಮ್ಮೆಂದಿತು.

ಅಮ್ಮ ನೋಡಿ ಒಳಗೆ ಹೋದವಳು ಅಪ್ಪನನ್ನು ಕರೆಯಲಿಲ್ಲ. ಪಾತ್ರೆ ತೆಗೆಯುತ್ತಾ ಗಟ್ಟಿಯಾಗಿ ಹೇಳಿದಳು: "ಹೊಗೆ ಬತ್ತಾ ಐತೆ. ನಾನು ಒಂದು ಸುತ್ತು ಬಂದೆ."

ಸ್ವಲ್ಪ ಹೊತ್ತಿಗೆ ಹೊಸಿಲಿನಲ್ಲಿ ಅಪ್ಪ ಕಾಣಿಸಿದ. ಒಂದು ಕೈಯಲ್ಲಿ ಬಾರುಕೋಲು, ಇನ್ನೊಂದು ಕೈ ಬಾಗಿಲವಾಡದ ಮೇಲೆ. ಬಿಸಿಲಿಗೆ ಕಣ್ಣು ಕಿರಿದಾಗಿತ್ತು, ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಹಿಡಿಯಲು ಹೋದ ಅಣ್ಣನನ್ನು ಗದರಿಸಿದ. ಹೊಸಿಲು ದಾಟಲು ಅವನು ಪಟ್ಟ ಪಾಡು ನೋಡಲಾರದೆ ನಾನು ಮಗುವಿನ ಕಡೆ ತಿರುಗಿಕೊಂಡೆ.

ಬೀದಿಯವರು ಬಂದು ಬೇಲಿಯಾಚೆ ನಿಂತರು. ಅಪ್ಪ ಅವರನ್ನು ನೋಡಲಿಲ್ಲ. ರೇವಿನಲ್ಲಿ ನಿಂತು, ಬೆಟ್ಟವನ್ನು ಬುಡದಿಂದ ತುದಿಯವರೆಗೆ ನೋಡಿದ. ಅವನ ಮುಖದಲ್ಲಿ ಅಂಥ ಬೆರಗು ನಾನು ಅದುವರೆಗೆ ಕಂಡಿರಲಿಲ್ಲ. ಆಮೇಲೆ ಹೊರಟ. ಗೇಣು ಗೇಣಿಗೂ ಕಾಲು ನಡುಗುತ್ತಿತ್ತು. ನೀರಿರುವಲ್ಲಿ ನಿಂತ, ನೆರಳಿರುವಲ್ಲಿ ನಿಂತ, ನೋಡುವುದಕ್ಕೆಂದು ಗುರುತು ಮಾಡಿದ್ದ ಜಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತ. ಬೇಲಿಯಾಚೆ ಯಾರೂ ನಗಲಿಲ್ಲ. ಬೆಟ್ಟವನ್ನು ಬಲಕ್ಕೆ ಬಿಟ್ಟುಕೊಂಡು ಅರ್ಧ ಸುತ್ತು ಬಂದಾಗ ಬಿಳಿ ಗೆರೆ ಮುಗಿಯಿತು.

"ಮುಂದೆ?" ಎಂದ ಅಪ್ಪ.

ಅಣ್ಣ ಗೆರೆಯ ತುದಿಗೆ ಬಂದು ನಿಂತ. "ನಮ್ಮನ್ನ ತಡೆಯಕ್ಕೆ ಅಲ್ಲಿಯ ಜನ ಇಲ್ಲಿ ಸೇತುವೆ ಮುರಿದಿದ್ರು ಅಪ್ಪ. ನನ್ನ ಮುಂದಿದ್ದ ಲಾರಿ ಹೊಳೆಗೆ ಬಿತ್ತು. ಅದರಲ್ಲಿ ನನ್ನ ಸ್ನೇಹಿತ ಇದ್ದ. ನಮ್ಮನ್ನ ವಾಪಸ್ ತಿರುಗಿಸಿದ್ರು. ಮುಂದೆ ಏನೈತೋ ನಂಗೊತ್ತಿಲ್ಲ." ಆ ಒಂದು 'ಇತ್ತು' ಬಿಟ್ಟರೆ, ಬಂದ ಮೇಲೆ ಯುದ್ಧದ ಬಗ್ಗೆ ಅವನು ಆಡಿದ ಮೊದಲ ಮಾತು ಅದು.

ಅಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. ಊರಿಕೊಳ್ಳಲೋ ಸಮಾಧಾನ ಮಾಡಲೋ ತಿಳಿಯಲಿಲ್ಲ. ಆಮೇಲೆ ಕೈ ತೆಗೆದು ಹೇಳಿದ: "ನೀನು ಇಲ್ಲೇ ಇರು. ನಾನು ಮುಂದೆ ಹೋಗಿ ನೋಡ್ಕಂಡು ಬರ್ತೀನಿ."

ಗೆರೆಯಿಲ್ಲದ ಬರೀ ನೆಲದ ಮೇಲೆ, ಒಂದೊಂದೇ ಹೆಜ್ಜೆ ಇಟ್ಟು, ಅಪ್ಪ ಬೆಟ್ಟದ ಆ ಬದಿಗೆ ನಡೆದ.