ಅತ್ತೆಯ ಹುಗ್ಗಿ ನೋಡಲು ಬಂದವಳು

ನಮ್ಮ ಅತ್ತೆಗೆ ಮರೆವು ಶುರುವಾಗಿ ಎರಡು ವರ್ಷವಾಗಿತ್ತು. ಜೆ.ಪಿ. ನಗರದ ಆಸ್ಪತ್ರೆಯಲ್ಲಿ ನನ್ನ ಕೈಗೊಂದು ಫಾರಂ ಕೊಟ್ಟರು. ಅಡುಗೆ ಮಾಡುತ್ತಾರೆಯೇ, ಮಾತ್ರೆ ತಾವೇ ತೆಗೆದುಕೊಳ್ಳುತ್ತಾರೆಯೇ, ಫೋನು ಮಾಡುತ್ತಾರೆಯೇ ಎಂದೆಲ್ಲ ಪ್ರಶ್ನೆಗಳು. ಎಲ್ಲದಕ್ಕೂ ‘ಇಲ್ಲ’ ಎಂದು ಟಿಕ್ ಹಾಕಿದೆ. ಸುಳ್ಳೇನಲ್ಲ, ಒಮ್ಮೆ ಹಾಲು ಸೀದು ಪಾತ್ರೆ ಕರಕಲಾದ ಮೇಲೆ ಅವರನ್ನು ಒಲೆಯ ಹತ್ತಿರಕ್ಕೇ ಬಿಟ್ಟಿರಲಿಲ್ಲ. ಸೇವೆಯೆಂದುಕೊಂಡು ಎಲ್ಲ ನಾನೇ ಮಾಡುತ್ತಿದ್ದೆ. ಅವರು ಮಾತ್ರ ದಿನಾ ಕೇಳುತ್ತಿದ್ದರು: “ಇವತ್ತು ನೈವೇದ್ಯ ನಾನು ಮಾಡ್ಲೇನೇ?”

ದಿನನಿತ್ಯದ ಕೆಲಸಗಳನ್ನು ಎಷ್ಟು ಮಾಡಬಲ್ಲರು ಎಂದು ಪರೀಕ್ಷಿಸುವ ಥೆರಪಿಸ್ಟ್ ಹುಡುಗಿ ಫಾರಂ ಓದಿ ತಲೆಯೆತ್ತಿದಳು. “ಆಂಟಿ, ಅಜ್ಜಿಗೆ ಮಾಡೋಕಾಗಲ್ವಾ, ಇಲ್ಲಾ ನೀವು ಬಿಡ್ತಿಲ್ವಾ?”

ನಾನು ಹಾಲು ಸೀದ ಕಥೆ ಹೇಳಿದೆ.

“ಸರಿ, ಮನೆಗೇ ಬಂದು ನೋಡ್ತೀನಿ. ಆಗಲಿಲ್ಲ ಅಂದ್ರೆ ಒಲೆ ಬೇಡ ಅಂತಲೇ ಬರೀಬೇಕಾಗುತ್ತೆ.”

ಶುಕ್ರವಾರ ಬೆಳಿಗ್ಗೆ ಬನಶಂಕರಿಯ ನಮ್ಮ ಮನೆಗೆ ಬಂದಳು. ಅತ್ತೆ ಸ್ನಾನ ಮಾಡಿ, ಮಡಿಯುಟ್ಟು ಅಡುಗೆಮನೆ ಸೇರಿದರು. ಮಡಿಯಲ್ಲಿರುವವರನ್ನು ಮುಟ್ಟುವಂತಿಲ್ಲ; ನಾವಿಬ್ಬರೂ ಹೊಸಿಲಾಚೆ ನಿಂತೆವು. ಇಲ್ಲದಿದ್ದರೆ ನಾನು ಖಂಡಿತ ಕೈ ಹಾಕಿಬಿಡುತ್ತಿದ್ದೆ. ಅತ್ತೆ ಹೆಸರುಬೇಳೆ ಹುರಿದರು, ಅಕ್ಕಿ ತೊಳೆದರು, ಮೆಣಸು ಜೀರಿಗೆ ಕುಟ್ಟಿದರು. ಉಪ್ಪು ಮಾತ್ರ ಸಿಗಲಿಲ್ಲ, ಅದರ ಜಾಗವನ್ನು ನಾನೇ ಬದಲಾಯಿಸಿದ್ದೆ. ಮೂರು ಡಬ್ಬಿಗಳ ಮುಚ್ಚಳ ತೆಗೆದರು. ನಾಲ್ಕನೆಯದರಲ್ಲಿತ್ತು.

“ಅಜ್ಜಿ, ಉಪ್ಪು ಸರಿಯಾಗಿದ್ಯಾ? ಸ್ವಲ್ಪ ರುಚಿ ನೋಡಿ.”

ಅತ್ತೆ ಸೌಟು ಹಿಡಿದೇ ತಿರುಗಿದರು. “ದೇವರಿಗಿಂತ ಮುಂಚೆ ನಾನು ತಿನ್ನೋದಾ? ಇಷ್ಟು ಓದಿದೀಯ, ಅಷ್ಟೂ ಗೊತ್ತಿಲ್ವೇನೇ?”

ಹುಡುಗಿ ನಗುತ್ತಾ ಬರೆದುಕೊಂಡಳು. ನನಗೆ ಒಳಗೊಳಗೇ ಹಿಗ್ಗು.

ಹುಗ್ಗಿ ಇಳಿಸಿ ದೇವರ ಮುಂದಿಟ್ಟರು. ಒಲೆ ಉರಿಯುತ್ತಲೇ ಇತ್ತು. ನಾನು ಬಾಯಿ ತೆರೆದೆ. ಹುಡುಗಿ ಕೈಯೆತ್ತಿ ತಡೆದಳು. ಮಂತ್ರ ಮುಗಿದು ಮಂಗಳಾರತಿಯಾದರೂ ಅತ್ತೆಗೆ ಒಲೆಯ ನೆನಪಿಲ್ಲ.

“ಅಜ್ಜಿ, ಅಡುಗೆಮನೇಲಿ ಏನಾದ್ರೂ ಉಳಿದಿದ್ಯಾ?”

“ಅಯ್ಯೋ, ಒಲೆ!” ಎಂದು ತಾವೇ ಹೋಗಿ ಆರಿಸಿದರು.

ಹುಡುಗಿ ಅಡುಗೆಯ ಮುಂದಿದ್ದ ನನ್ನ ಟಿಕ್ ಹೊಡೆದುಹಾಕಿ, ಅಡುಗೆ ಮಾಡುತ್ತಾರೆ, ಹತ್ತಿರ ಒಬ್ಬರಿದ್ದು ಒಮ್ಮೆ ನೆನಪಿಸಬೇಕು ಎಂದು ಬರೆದಳು. ಮಾತ್ರೆಯ ‘ಇಲ್ಲ’ ಹಾಗೇ ಉಳಿಯಿತು. ಉಳಿಯಲಿ. ಫಾರಂ ಕೇಳಿದ್ದರಲ್ಲಿ ಒಂದನ್ನಾದರೂ ದೇವರು ಉಳಿಸಿಕೊಟ್ಟ.

ಈಗ ನೈವೇದ್ಯ ಅತ್ತೆಯದೇ. ನಾನು ಹೊಸಿಲಾಚೆ ಕಾಯಿ ತುರಿಯುತ್ತಾ ಕೂತಿದ್ದು ಒಂದು ಮಾತು ನೆನಪಿಸುತ್ತೇನೆ. ಕೆಲವು ದಿನ ಅದೂ ಬೇಕಾಗುವುದಿಲ್ಲ. ಪಕ್ಕದ ಮನೆಗೆ ಪ್ರಸಾದ ಕೊಡುವಾಗ, “ನಮ್ಮತ್ತೆ ಮಾಡಿದ್ದು” ಎಂದು ಮಹಡಿಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ.